ಭಾವ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದು

ನಮ್ಮ ಭಾವ ಲಿಫ್ಟ್ ರಿಪೇರಿ ಮಾಡುವವರು. ಈ ಊರಿನಲ್ಲಿ ಮೇಲೆ ಹೋದವರಲ್ಲಿ ಅರ್ಧ ಜನ ಅವರ ಕೈಗುಣದಿಂದಲೇ ಹೋದವರು. ಮೇಲೆ ಅಂದರೆ ಐದನೆಯ, ಆರನೆಯ ಮಹಡಿಗೆ. ಬೇರೆ ಅರ್ಥ ಮಾಡಿಕೊಳ್ಳಬೇಡಿ. ಆ ಕೆಲಸದಲ್ಲಿ ಅವರನ್ನು ಆಡಿಕೊಳ್ಳಲು ನನ್ನಂಥ ನಾದಿನಿಗೂ ಜಾಗ ಸಿಗುವುದಿಲ್ಲ. ರಿಪೇರಿ ಆದ ಲಿಫ್ಟನ್ನು ಮೊದಲು ಖಾಲಿಯಾಗಿ ಮೇಲಿನವರೆಗೆ ಕಳಿಸಿ, ಇಳಿಸಿ, ಆಮೇಲೆ ತಾವೊಬ್ಬರೇ ಹತ್ತಿ ಹೋಗಿಬಂದು, ಅದಾದ ಮೇಲಷ್ಟೇ ‘ಕೆಟ್ಟಿದೆ’ ಅನ್ನುವ ಬೋರ್ಡ್ ತೆಗೆಯುತ್ತಾರೆ. ಕಟ್ಟಡದ ಮಾಲೀಕ ಪಕ್ಕದಲ್ಲಿ ನಿಂತು ಎಷ್ಟೇ ಕುಣಿದರೂ ಅದಕ್ಕೆ ಮುಂಚೆ ಒಬ್ಬರನ್ನೂ ಹತ್ತಿಸುವುದಿಲ್ಲ.

ತೊಂದರೆ ಶುರುವಾಗುವುದು ಅವರು ಮನೆಗೆ ಬಂದ ಮೇಲೆ. ಲಿಫ್ಟ್ ಗೊತ್ತಿದ್ದವನಿಗೆ ಲೋಕದಲ್ಲಿರುವ ಮಿಕ್ಕೆಲ್ಲ ಯಂತ್ರಗಳೂ ಗೊತ್ತಿರಲೇಬೇಕು ಅನ್ನುವುದು ಅವರ ಸಿದ್ಧಾಂತ. ಮಿಕ್ಸಿ ಗೊರಗೊರ ಅಂದರೆ “ಇದೂ ಮೋಟರೇ ತಾನೆ?” ಅನ್ನುತ್ತಾರೆ. ಟೇಬಲ್ ಫ್ಯಾನ್ ನಿಂತರೂ “ಇದೂ ಮೋಟರೇ ತಾನೆ?” ಆ ಮಿಕ್ಸಿ ಈಗ ಅಟ್ಟದ ಮೇಲೆ ವಿಶ್ರಾಂತಿಯಲ್ಲಿದೆ. ಫ್ಯಾನ್ ಅದಕ್ಕೆ ಜೊತೆಗಿದೆ.

ಇನ್ನೊಂದು ಗುಣ ಉಂಟು. ಹೊಸ ವಸ್ತು ಮನೆಗೆ ಬಂದರೆ ಅದರ ಮೇಲಿನ ಪ್ಲಾಸ್ಟಿಕ್ಕನ್ನು ಯಾರೂ ಮುಟ್ಟುವಂತಿಲ್ಲ. ಟಿವಿ ರಿಮೋಟು ಕವರಿನೊಳಗೆ, ಫ್ರಿಜ್ಜಿನ ಹಿಡಿ ಕವರಿನೊಳಗೆ, ಸೋಫಾ ಪೂರ್ತಿ ಕವರಿನೊಳಗೆ. ಸೋಫಾದ ಮೇಲೆ ಕೂತರೆ ಚರಚರ, ಎದ್ದರೆ ಚರಚರ. ನಾನು ಅವರ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಕೆಳಗೆ ಯಾರು ಕೂತರು, ಯಾರು ಎದ್ದರು ಅನ್ನುವುದು ನನಗೆ ನೋಡದೆಯೇ ತಿಳಿಯುತ್ತದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಜನರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸುವುದು ನನ್ನ ಕೆಲಸ. ದಿನವಿಡೀ ಬಾಯಿ ತೆರೆಯುವವರ ನಡುವೆಯೇ ಇರುವವಳು ನಾನು. ಆದರೂ ಭಾವನ ಬಾಯಿಗೆ ಸರಿಸಾಟಿ ಇನ್ನೂ ಬಂದಿಲ್ಲ.

ನಮ್ಮಕ್ಕ ಚಿತ್ರಗಳನ್ನು ಜೋಡಿಸುವವಳು. ಕ್ಯಾಮೆರಾದವರು ತಂದು ಸುರಿದದ್ದನ್ನೆಲ್ಲ ಕೂತು ನೋಡಿ, ಬೇಕಾದ್ದನ್ನು ಉಳಿಸಿ, ಬೇಡದ್ದನ್ನು ಕತ್ತರಿಸಿ, ಒಂದಕ್ಕೊಂದು ಹೊಂದಿಸಿ ಕಥೆ ಮಾಡುವ ಕೆಲಸ. ಅದಕ್ಕೆ ಸಂಕಲನ ಅನ್ನುತ್ತಾರೆ. ಒಂದು ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿದಳು. ಕಣ್ಣು ಕೆಂಪಾಗಿಸಿಕೊಂಡು ಕೂರುತ್ತಿದ್ದವಳು ಇವಳು. ಪರದೆಯ ಮೇಲೆ ‘ಸಂಕಲನ’ ಅಂತ ಬಂದಾಗ ಅದರ ಕೆಳಗೆ ಬರುತ್ತಿದ್ದದ್ದು ಸ್ಟುಡಿಯೋ ಯಜಮಾನರ ಹೆಸರು. ಅಕ್ಕ ಅದಕ್ಕೆ ಏನೂ ಅನ್ನುತ್ತಿರಲಿಲ್ಲ. ಅಂದರೆ ಯಜಮಾನರ ಎದುರು ಏನೂ ಅನ್ನುತ್ತಿರಲಿಲ್ಲ. ಮನೆಗೆ ಬಂದು ಪಾತ್ರೆಗಳ ಜೊತೆ ಮಾತಾಡುತ್ತಿದ್ದಳು, ಜೋರಾಗಿಯೇ.

ಈ ಸಲ ಯಜಮಾನರ ತಲೆಗೆ ಯಾವ ಗಾಳಿ ಹೊಕ್ಕಿತೋ ಗೊತ್ತಿಲ್ಲ. ದಾರದ ಕಾರ್ಖಾನೆಯೊಂದು ಮುಚ್ಚಿತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ಆಮೇಲೆ ಏನಾದರು ಅನ್ನುವುದರ ಮೇಲೆ ಇಪ್ಪತ್ತೆರಡು ನಿಮಿಷದ ಒಂದು ಚಿತ್ರ. ಅದನ್ನು ಅಕ್ಕನ ಕೈಗೆ ಕೊಟ್ಟು, “ಮನೇಲೇ ಕೂತು ನೀನೇ ಪೂರ್ತಿ ಮಾಡಮ್ಮ. ಹೆಸರೂ ನಿಂದೇ ಹಾಕೋಣ. ಆದ್ರೆ ಮೂರು ತಿಂಗಳು ತುಂಬೋ ಸೋಮವಾರ ಬೆಳಿಗ್ಗೆ ನನ್ನ ಟೇಬಲ್ ಮೇಲಿರಬೇಕು. ಇಲ್ಲಾಂದ್ರೆ ನಮ್ಮ ಹಳಬ ಇದ್ದಾನಲ್ಲ, ಅವನ ಕೈಗೆ ಕೊಟ್ಟು ಅವನ ಹೆಸರಲ್ಲೇ ಮುಗಿಸ್ತೀನಿ” ಅಂದರು. ಅಕ್ಕ ಆ ದಿನ ಪಾತ್ರೆಗಳನ್ನು ಸದ್ದಿಲ್ಲದೆ ತೊಳೆದಳು.

ಇನ್ನು ಯಂತ್ರದ ವಿಷಯ. ಅಕ್ಕನಿಗೆ ಸ್ಟುಡಿಯೋದಲ್ಲಿ ಮ್ಯಾಕ್ ಕಂಪ್ಯೂಟರಿನ ಮೇಲೆ ಕೆಲಸ ಮಾಡಿ ರೂಢಿ. ಮನೆಯಲ್ಲೂ ಅದೇ ಬೇಕು ಅಂದಳು. ಭಾವ “ಅಂಗಡೀಲಿ ಯಾಕೆ ತಗೋಬೇಕು, ನಾನು ಮಾಡ್ಕೊಡ್ತೀನಿ” ಅಂದರು. ಮಾಡಿಯೂ ಕೊಟ್ಟರು. ಬಿಡಿ ಭಾಗಗಳನ್ನು ಒಂದೊಂದಾಗಿ ತಂದು, ಒಂದು ಕಪ್ಪು ಡಬ್ಬದೊಳಗೆ ಜೋಡಿಸಿ, ಅದರೊಳಗೆ ಮ್ಯಾಕಿನ ಸಾಫ್ಟ್‌ವೇರ್ ತುಂಬಿ, ‘ನೀನು ಮ್ಯಾಕ್ ಕಣೋ’ ಅಂತ ಅದರ ತಲೆ ಸವರಿ ನಂಬಿಸುವುದು. ಇದಕ್ಕೆ ಹ್ಯಾಕಿಂಟಾಷ್ ಅಂತ ಹೆಸರು. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿಕೊಂಡಿತು ಅನ್ನುತ್ತಾರಲ್ಲ, ಅದು. ಆದರೆ ಸುಳ್ಳು ಹೇಳಬಾರದು, ನಮ್ಮನೆಯ ಕೆಂಬೂತ ಚೆನ್ನಾಗಿಯೇ ಕುಣಿಯುತ್ತಿತ್ತು. ಸ್ವಲ್ಪ ನಿಧಾನ, ಅಷ್ಟೇ. ಸಿದ್ಧವಾದ ಚಿತ್ರವನ್ನು ಒಂದು ಫೈಲಾಗಿ ಹೊರಗೆ ತೆಗೆಯಲು ಹೇಳಿ ಅಕ್ಕ ಬಟ್ಟೆ ಒಗೆದು ಹರವಿ ಬರುತ್ತಿದ್ದಳು, ಅಷ್ಟರಲ್ಲಿ ಮುಗಿದಿರುತ್ತಿತ್ತು. ಅವಳಿಗೆ ಅದೇನೂ ಕಷ್ಟವಾಗಿರಲಿಲ್ಲ.

ಕಷ್ಟವಾದದ್ದು ಭಾವನಿಗೆ. ಒಂದು ದಿನ ಸ್ಟುಡಿಯೋ ಯಜಮಾನರು ಮನೆಗೆ ಬಂದವರು ಡಬ್ಬದ ಸುತ್ತ ಒಂದು ಸುತ್ತು ಹಾಕಿ, “ಇದ್ರಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ವಲ್ರೀ!” ಅಂತ ನಕ್ಕರು. ಪರದೆಯ ಮೇಲೆ ಚಿತ್ರ ಮೂಡಿಸುವ ಕೆಲಸಕ್ಕೆಂದೇ ಇರುವ ಬೇರೆ ಕಾರ್ಡ್ ಅದು. ನಮ್ಮ ಡಬ್ಬದಲ್ಲಿ ಆ ಕೆಲಸವನ್ನೂ ಮಿಕ್ಕ ಕೆಲಸಗಳ ಜೊತೆಗೆ ಒಳಗಿನ ಬೋರ್ಡೇ ಮಾಡಿಕೊಂಡು ಹೋಗುತ್ತಿತ್ತು, ಅಕ್ಕನ ಹಾಗೆ. ಯಜಮಾನರು ನಕ್ಕು ಹೋದರು. ಭಾವನಿಗೆ ಅಂದಿನಿಂದ ಊಟ ರುಚಿಸಲಿಲ್ಲ. ಅಂದರೆ ಎರಡನೆಯ ಸಲ ಬಡಿಸಿಕೊಂಡದ್ದು ರುಚಿಸಲಿಲ್ಲ.

ಇಂಟರ್ನೆಟ್ಟಿನಲ್ಲಿ ಇಂಥ ಯಂತ್ರ ಮಾಡಿಕೊಂಡವರದ್ದೇ ಒಂದು ಕೂಟವಿದೆ. ಅವರ ಹೆಂಡತಿಯರದ್ದೂ ಒಂದು ಕೂಟ ಎಲ್ಲೋ ಇರಲೇಬೇಕು. ಗೊತ್ತಾದರೆ ಅಕ್ಕನನ್ನು ಸೇರಿಸುತ್ತಿದ್ದೆ. ಆ ಕೂಟದಲ್ಲಿ ಗುರುಗಳೊಬ್ಬರಿದ್ದರು, ಯಾರ ಯಂತ್ರ ಏನೇ ಆಗಲಿ ಉತ್ತರ ಕೊಡುವವರು. ಭಾವ ಅವರನ್ನು ಕೇಳಿ, ಮ್ಯಾಕ್ ಒಪ್ಪುವ ಕಾರ್ಡುಗಳು ಯಾವ್ಯಾವು ಅಂತ ಓದಿ, ಸರಿಯಾದದ್ದನ್ನೇ ತಂದರು. ಅಕ್ಕ ಡಬ್ಬಿ ನೋಡಿದ ಕೂಡಲೆ ಹೇಳಿದಳು, “ರೀ, ಸೋಮವಾರ ಆಗ್ಲಿ. ಅಲ್ಲೀವರೆಗೆ ಅದನ್ನ ಬಿಚ್ಚಬೇಡಿ. ಕೈ ಮುಗೀತೀನಿ.”

“ಛೆ, ನಾನ್ಯಾಕೆ ಬಿಚ್ಚಲಿ?” ಅಂದರು ಭಾವ.

ಶನಿವಾರ ಬೆಳಿಗ್ಗೆ ಅಕ್ಕ ಚಿತ್ರದ ಹಿನ್ನೆಲೆ ಮಾತನ್ನು ರೆಕಾರ್ಡ್ ಮಾಡಿಸಲು ಸ್ಟುಡಿಯೋಗೆ ಹೋದಳು. ಅವಳ ಚಪ್ಪಲಿ ಸದ್ದು ಗೇಟು ದಾಟುವಷ್ಟರಲ್ಲಿ ಕೆಳಗಿನಿಂದ ಸ್ಕ್ರೂ ಬಿಚ್ಚುವ ಸದ್ದು. ನಾನು ಇಳಿದು ಹೋದೆ. ಭಾವ ಡಬ್ಬದ ಪಕ್ಕದ ಹಲಗೆ ತೆಗೆದು, ಹಣೆಗೆ ಟಾರ್ಚ್ ಕಟ್ಟಿಕೊಂಡು ಕೂತಿದ್ದರು.

“ಭಾವ, ಅಕ್ಕ ಬೇಡ ಅಂದಿದ್ದಾಳೆ.”

“ಅವಳು ಬರೋಷ್ಟರಲ್ಲಿ ಎಲ್ಲಾ ರೆಡಿ. ನೋಡಿ ಬಾಯಿ ಮೇಲೆ ಬೆರಳಿಡ್ತಾಳೆ. ನೀನು ಸುಮ್ನೆ ಈ ಸ್ಕ್ರೂ ಹಿಡ್ಕೋ.”

“ಸ್ಕ್ರೂ ಯಾಕೆ, ನಿಮ್ಮ ಕೈ ಹಿಡ್ಕೊಳ್ಳೋರು ಬೇಕು ಈಗ,” ಅಂದೆ. ಕೇಳಿಸಿಕೊಳ್ಳಲಿಲ್ಲ.

ಇರಲಾರದೆ ಇರುವೆ ಬಿಟ್ಟುಕೊಳ್ಳುವವರನ್ನು ತಡೆಯಲು ಯಾರಿಂದಾದೀತು? ಮೈಯಲ್ಲಿರುವ ಕರೆಂಟು ಇಳಿಯಬೇಕು ಅಂತ ಕಿಟಕಿ ಸರಳನ್ನು ಮುಟ್ಟಿದರು. ಮುಟ್ಟಿ ಬಂದು ಮತ್ತೆ ಸೋಫಾದ ಮೇಲೆ ಕೂತು, ಚರಚರ ಅನ್ನಿಸಿ, ಮತ್ತೆ ಕಿಟಕಿಗೆ ಹೋದರು. ಕಾರ್ಡು ಹೊರಬಂತು. ಇಟ್ಟಿಗೆಯಷ್ಟು ದಪ್ಪ, ಎರಡು ಫ್ಯಾನು, ಮೈಮೇಲೆ ತೆಳು ಪ್ಲಾಸ್ಟಿಕ್ಕು, ಹಿಂದಿನ ತೂತುಗಳಿಗೆಲ್ಲ ಕಪ್ಪು ಮುಚ್ಚಳ. ಅದನ್ನು ಬೋರ್ಡಿನ ಉದ್ದನೆಯ ಸೀಳಿಗೆ ಹೊಂದಿಸಿ ಒತ್ತಿದರು. ಟಕ್ ಅಂತು. ಕರೆಂಟಿನ ವೈರನ್ನೂ ಚುಚ್ಚಿದರು. ಇಲ್ಲಿಯವರೆಗೆ ಒಂದು ತಪ್ಪಿಲ್ಲ, ನಾನೇ ಸಾಕ್ಷಿ.

“ಭಾವ, ಹಿಂದೆ ಈ ಕಪ್ಪು ಮುಚ್ಚಳ ತೆಗೀಬೇಡ್ವಾ?”

“ಯಾಕೆ ತೆಗೀಬೇಕು? ಧೂಳು ಹೋಗಬಾರದು ಅಂತ ಹಾಕಿರೋದು ಅದು. ಕಂಪನಿಯೋರು ದಡ್ಡರಾ?”

“ಮತ್ತೆ ಟಿವಿ ಥರದ್ದಿದೆಯಲ್ಲ, ಈ ಮಾನಿಟರ್ರು, ಇದರ ವೈರು ಎಲ್ಲಿಗೆ?”

ಭಾವ ನನ್ನ ಕಡೆ ನೋಡಿದ ನೋಟದಲ್ಲಿ ಕರುಣೆ ಇತ್ತು. “ಲಿಫ್ಟಿಗೆ ಎಷ್ಟು ಹೊಸ ಪಾರ್ಟ್ ಹಾಕಿದ್ರೂ ವೈರೆಲ್ಲಾ ಬಂದು ಸೇರೋದು ಒಂದೇ ಪ್ಯಾನೆಲ್‌ಗೆ ಕಣಮ್ಮಾ. ಇಲ್ಲೂ ಅಷ್ಟೇ. ವೈರು ಮೊದಲೆಲ್ಲಿತ್ತೋ ಅಲ್ಲೇ ಇರತ್ತೆ.” ಹೀಗೆ ಹೇಳಿ ಮಾನಿಟರಿನ ವೈರನ್ನು ಹಳೆಯ ತೂತಿಗೇ ಭದ್ರವಾಗಿ ಸಿಕ್ಕಿಸಿದರು. ಗುರುಗಳ ಪಾಠವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡಿದ್ದರು. ಅದರ ಮೊದಲ ಮೂರು ಹೆಜ್ಜೆ “ಚಿಕ್ಕ ಮಕ್ಕಳಿಗೆ” ಅಂತ ದಾಟಿ ನಾಲ್ಕರಿಂದ ಓದುತ್ತಿದ್ದರು. ನಾಲ್ಕರಲ್ಲಿ, ಬೋರ್ಡಿನ ಹಳೆಯ ಗ್ರಾಫಿಕ್ಸನ್ನು ಬಂದ್ ಮಾಡಿ ಅಂತಿತ್ತು. ಮಾಡಿದರು. ಯಂತ್ರ ಮತ್ತೆ ಶುರುವಾಯಿತು, ಫ್ಯಾನುಗಳು ತಿರುಗಿದವು, ದೀಪ ಹತ್ತಿತು. ಮಾನಿಟರ್ ಮಾತ್ರ ಕಪ್ಪಾಗಿಯೇ ಉಳಿಯಿತು.

ಕಾದರು. ಆರಿಸಿ ಹಚ್ಚಿದರು. ಮಾನಿಟರಿನ ತಲೆ ತಟ್ಟಿದರು. ಬಂದ್ ಮಾಡಿದ್ದನ್ನು ಬೋರ್ಡು ಮರೆಯಲಿ ಅಂತ ಅದರ ಗುಂಡಿ ಬ್ಯಾಟರಿ ತೆಗೆದು ಮತ್ತೆ ಹಾಕಿ, ಕಾರ್ಡನ್ನು ಕಿತ್ತು ನೋಡಿದರೆ ಚಿತ್ರ ಬಂತು. ಕಾರ್ಡ್ ಹಾಕಿದರೆ ಮತ್ತೆ ಕಪ್ಪು. ಗುರುಗಳಿಗೆ ಬರೆದರು. ‘ನಾನು ಹೇಳಿದ ಎಲ್ಲಾ ಹೆಜ್ಜೆ ಮಾಡಿದ್ದೀರಾ?’ ಅಂತ ಅವರು ಕೇಳಿದರು. ‘ಎಲ್ಲಾ ಮಾಡಿದ್ದೇನೆ’ ಅಂತ ಇವರು ಬರೆದರು. ‘ಹಾಗಾದರೆ ಡಿಸ್ಕ್ ಪೂರ್ತಿ ಅಳಿಸಿ, ಮೊದಲಿಂದ ಹಾಕಿ’ ಅಂತ ಉತ್ತರ ಬಂತು. ಗುರುಗಳಿಗೇನು, ಅವರ ಹೆಂಡತಿಯ ಸಿನಿಮಾ ಅದರಲ್ಲಿರಲಿಲ್ಲ.

“ಭಾವ, ಅಕ್ಕನ ಚಿತ್ರ ಅದರೊಳಗಿದೆ. ಅವಳಿಗೊಂದು ಫೋನ್ ಮಾಡ್ತೀನಿ.”

“ರೆಕಾರ್ಡಿಂಗ್ ಮಾಡೋವಾಗ ಫೋನ್ ಆಫ್ ಇರತ್ತೆ. ನನಗಷ್ಟು ಗೊತ್ತಾಗಲ್ವಾ? ಮೊದಲು ಕಾಪಿ ತಗೊಂಡೇ ಮುಂದಿನ ಕೆಲಸ.” ನಾನು ಫೋನ್ ಮಾಡಿದೆ. ಆಫ್ ಇತ್ತು. ಭಾವ ಕಾರ್ಡ್ ಕಿತ್ತು, ಚಿತ್ರ ಬರಿಸಿ, ಪರದೆಯ ಮೇಲೆ ಅಕ್ಕನ ಸಿನಿಮಾದ ಹೆಸರಿದ್ದ ಗುರುತನ್ನು ಹಿಡಿದೆಳೆದು ಪೆನ್‌ಡ್ರೈವಿಗೆ ಹಾಕಿದರು. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಕಾಪಿ ಮುಗಿದಿತ್ತು. “ನೋಡಿದ್ಯಾ ಸ್ಪೀಡು? ಕಾರ್ಡ್ ಇಲ್ದೇನೇ ಇಷ್ಟು. ನಾನು ಮಾಡಿರೋ ಮಿಷನ್ನು!” ಅಂತ ಪೆನ್‌ಡ್ರೈವಿಗೆ ಮುಚ್ಚಳ ಹಾಕಿ, ಅದನ್ನೊಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಜೇಬಿಗಿಳಿಸಿದರು. ಆಮೇಲೆ ಡಿಸ್ಕ್ ಅಳಿಸಿದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡರು.

ಸಂಜೆ ಅಕ್ಕ ಬಂದಾಗ ಎಲ್ಲವನ್ನೂ ಮೊದಲಿಂದ ತುಂಬಿ, ಕಾರ್ಡ್ ಮತ್ತೆ ಹಾಕಿ, ಮಾನಿಟರ್ ಮತ್ತೆ ಕಪ್ಪಾಗಿ, ಭಾವ ನೆಲದ ಮೇಲೆ ಕೂತಿದ್ದರು. ಬಾಗಿಲಲ್ಲೇ ಅವಳಿಗೆ ಅರ್ಥವಾಯಿತು. ಬ್ಯಾಗು ಕೆಳಗಿಟ್ಟು, ಅವರ ಕೈಯಿಂದ ಫೋನು ತೆಗೆದುಕೊಂಡು, ಗುರುಗಳ ಪಾಠವನ್ನು ಮೇಲಿನಿಂದ ಓದತೊಡಗಿದಳು.

“ಒಂದು. ಕಾರ್ಡಿನ ಮುಚ್ಚಳಗಳನ್ನು ತೆಗೆದು, ಮಾನಿಟರಿನ ವೈರನ್ನು ಹಳೆಯ ಜಾಗದಿಂದ ಕಿತ್ತು ಕಾರ್ಡಿಗೆ ಚುಚ್ಚಿ.” ಓದಿದವಳೇ ಡಬ್ಬದ ಹಿಂದೆ ಕೈ ಹಾಕಿದಳು. ಕಪ್ಪು ಮುಚ್ಚಳ ನೆಲಕ್ಕೆ ಬಿದ್ದು ಉರುಳಿತು. ವೈರು ಚುಚ್ಚಿದಳು. ಮಾನಿಟರ್ ಬೆಳಗಿತು.

ಅಂದರೆ ಬೆಳಿಗ್ಗೆಯಿಂದ ಏನೂ ಕೆಟ್ಟಿರಲಿಲ್ಲ. ಕಾರ್ಡ್ ಸರಿಯಿತ್ತು, ಯಂತ್ರ ಸರಿಯಿತ್ತು, ಸಾಫ್ಟ್‌ವೇರ್ ಸರಿಯಿತ್ತು. ಗಟ್ಟಿಮುಟ್ಟಾಗಿ ಓಡಾಡುತ್ತಿದ್ದವರನ್ನು ಮಲಗಿಸಿ ಆಪರೇಷನ್ ಮಾಡಿದ್ದಾಗಿತ್ತು. ಆದರೂ ಭಾವ ಎದ್ದು ನಿಂತು, ಪರದೆ ನೋಡಿ, “ಬಂತು ನೋಡೇ! ನಾ ಹೇಳಲಿಲ್ವಾ?” ಅಂದರಲ್ಲ, ಅದನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

“ನನ್ನ ಸಿನಿಮಾ ಎಲ್ಲಿ?” ಅಂದಳು ಅಕ್ಕ.

ಭಾವ ಜೇಬಿನಿಂದ ಕವರು ತೆಗೆದು, ಕವರಿನಿಂದ ಪೆನ್‌ಡ್ರೈವ್ ತೆಗೆದು, ಎರಡೂ ಕೈಯಲ್ಲಿ ಕೊಟ್ಟರು. ಅಕ್ಕ ಅದನ್ನು ಹಾಕಿ ನೋಡಿದಳು. ಅದರಲ್ಲಿದ್ದದ್ದು ಒಂದು ಪುಟ್ಟ ಗುರುತು, ಮೂಲೆಯಲ್ಲಿ ಬಾಗಿದ ಬಾಣ. ಒಳಗೆಲ್ಲೋ ಇದ್ದ ಸಿನಿಮಾಕ್ಕೆ ಸುಲಭವಾಗಿ ಹೋಗಲೆಂದು ಅವಳೇ ಇಟ್ಟುಕೊಂಡಿದ್ದ ಬರೀ ದಾರಿ ಅದು. ಭಾವ ಮನೆಯ ವಿಳಾಸವನ್ನು ಜೋಪಾನವಾಗಿ ಎತ್ತಿಟ್ಟುಕೊಂಡು ಮನೆ ಕೆಡವಿದ್ದರು. ಅಷ್ಟು ಬೇಗ ಕಾಪಿ ಆದದ್ದು ಯಾಕೆ ಅಂತ ಆಗ ತಿಳಿಯಿತು.

ಕ್ಯಾಮೆರಾದವರು ಕೊಟ್ಟ ಮೂಲ ಚಿತ್ರಗಳು ಬೇರೊಂದು ಡಿಸ್ಕಿನಲ್ಲಿ ಅಕ್ಕನ ಬ್ಯಾಗಿನಲ್ಲಿದ್ದವು; ಭಾವನ ಕೈಗೆ ಸಿಗದೆ ಉಳಿದದ್ದು ಅದೊಂದೇ. ಆದರೆ ಯಾವುದರ ಮುಂದೆ ಯಾವುದು, ಯಾರ ಮಾತಿಗೆ ಯಾರ ಮುಖ, ಎಲ್ಲಿ ನಿಲ್ಲಬೇಕು ಅನ್ನುವುದೇ ಅವಳ ಕೆಲಸ. ಅದು ಹೋಗಿತ್ತು. ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆಲ್ಲ ಎಷ್ಟೋ ಹಗುರವಾಗುತ್ತಿತ್ತು.

“ಲಿಫ್ಟ್ ಆದ್ರೆ ಮೊದಲು ಖಾಲಿ ಕಳಿಸಿ ನೋಡ್ತೀರಿ ನೀವು. ನನ್ನ ಸಿನಿಮಾ ಒಳಗಿಟ್ಕೊಂಡೇ ಇದನ್ನ ಕಳಿಸಿದ್ರಲ್ಲಾ,” ಅಂದಳು, ಅಷ್ಟೇ. ಭಾವ ಬಾಯಿ ತೆರೆದರು, ಮುಚ್ಚಿದರು. ನಮ್ಮ ಕ್ಲಿನಿಕ್ಕಿಗೆ ಬರುವವರ ಹಾಗೆ ಮೊದಲ ಸಲ ಕಂಡರು.

ಭಾನುವಾರ ಬೆಳಿಗ್ಗೆ ನಾನು ಇಳಿದು ಬಂದಾಗ ಅಕ್ಕ ಕೂದಲು ಎತ್ತಿ ಕಟ್ಟಿ ಕೆಲಸಕ್ಕೆ ಕೂತಾಗಿತ್ತು. ನೆನಪಿನಿಂದಲೇ ಮೊದಲಿಂದ ಜೋಡಿಸುತ್ತಿದ್ದಳು. ಭಾವ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ನಿನ್ನೆಯಿಂದ ಸೋಫಾದ ಮೇಲೆ ಕೂರುವ ಧೈರ್ಯ ಬಂದಿರಲಿಲ್ಲ. ಕೇಳಿದ್ದನ್ನು ತಂದುಕೊಟ್ಟು, ಕೇಳದ್ದನ್ನೂ ತಂದುಕೊಟ್ಟು, ಮೆಲ್ಲಗೆ ಉಸಿರಾಡುತ್ತಿದ್ದರು.

ಮಧ್ಯಾಹ್ನ ಅಕ್ಕ ಒಂದು ಕಡೆ ನಿಂತುಬಿಟ್ಟಳು. “ಆ ವಯಸ್ಸಾದ ಹೆಂಗಸು ಕಾರ್ಖಾನೆ ಗೇಟ್ ಹತ್ರ ನಿಂತು ಕೈ ಒರೆಸ್ಕೊಳ್ತಾಳಲ್ಲ, ಅದಾದ್ಮೇಲೆ ಏನಿಟ್ಟಿದ್ದೆ? ಸೈರನ್ನಾ, ಖಾಲಿ ಬೆಂಚಾ?” ಅಂತ ಕೇಳಿದಳು. ಕೇಳಿದ್ದು ಭಾವನನ್ನು. ತಿಂಗಳುಗಟ್ಟಲೆ ದಿನಾ ಸಂಜೆ ಅವಳ ಹೆಗಲ ಹಿಂದೆ ನಿಂತವರು ಅವರೇ.

“ಸೈರನ್ ಇತ್ತಾ?” ಅಂದರು ಭಾವ.

ಅಕ್ಕ ತಿರುಗಿ ನೋಡಿದಳು.

“ಇಲ್ಲ, ಆ ಭಾಗ ತೋರಿಸೋಕೆ ಮಿಷನ್ನು ತಡವರಿಸ್ತಿತ್ತು, ಅದು ನೆನಪಿದೆ. ಅದಕ್ಕೇ ನಾನು ಕಾರ್ಡು…” ಮಾತು ಅಲ್ಲಿಗೆ ನಿಂತಿತು.

ನನಗೆ ಸಿಟ್ಟು ಬಂತು. ಆ ಹೊತ್ತಿನಲ್ಲಿ ಭಾವನ ಮುಖ ನೋಡಿದ ಮೇಲೆ ಪಾಪ ಅಂತಲೂ ಅನ್ನಿಸಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಈ ಮನುಷ್ಯ ಅಷ್ಟು ದಿನ ಪರದೆಯನ್ನೇ ನೋಡುತ್ತ ನಿಂತಿದ್ದರು, ಪರದೆಯೊಳಗೆ ಏನಿದೆ ಅಂತ ಮಾತ್ರ ನೋಡಿರಲಿಲ್ಲ. ಯಂತ್ರ ಎಷ್ಟು ಬಿಸಿಯಾಯಿತು, ಎಷ್ಟು ವೇಗ ಬಂತು ಅನ್ನುವ ಅಂಕಿಗಳು ಪರದೆಯ ಮೂಲೆಯಲ್ಲಿ ಸದಾ ಓಡುತ್ತಿದ್ದವು, ಅವರ ಕಣ್ಣು ಅಲ್ಲೇ ನೆಟ್ಟಿತ್ತು. ಹೆಂಡತಿ ಹೊತ್ತುಗಟ್ಟಲೆ ಕೂತು ಜೋಡಿಸಿದ ಹೆಂಗಸರಲ್ಲಿ ಒಬ್ಬಳ ಮುಖವೂ ಅವರಿಗೆ ಗೊತ್ತಿರಲಿಲ್ಲ. ಅಕ್ಕ ಖಾಲಿ ಬೆಂಚು ಇಟ್ಟು ಮುಂದೆ ಹೋದಳು.

ಸಂಜೆ ಹೊತ್ತಿಗೆ ಮುಗಿಯಿತು. ಹಳೆಯದಕ್ಕಿಂತ ಚೆನ್ನಾಗಿ ಬಂತು ಅಂತ ಹೇಳಿದರೆ ಭಾವನಿಗೆ ಅನುಕೂಲವಾದೀತು, ಹಾಗಾಗಿ ಹೇಳುವುದಿಲ್ಲ. ಬೇರೆ ಥರ ಬಂತು. ಅಕ್ಕ “ಒಂದ್ಸಲ ಪೂರ್ತಿ ಓಡಿಸ್ತೀನಿ, ಇಬ್ರೂ ಕೂತ್ಕೊಳ್ಳಿ” ಅಂದಳು. ಭಾವನ ಕಣ್ಣು ಅಭ್ಯಾಸಬಲದಿಂದ ಮೂಲೆಯ ಅಂಕಿಗಳಿಗೆ ಹೋಯಿತು. ಅಕ್ಕ ಒಂದು ಕಾಗದದ ಚೂರನ್ನು ಮಡಚಿ, ಅಂಕಿಗಳ ಮೇಲೆ ಅಂಟಿಸಿದಳು. “ಈಗ ನೋಡಿ.”

ನೋಡಿದರು. ಗೇಟಿನ ಹತ್ತಿರದ ಹೆಂಗಸು ಬಂದಾಗ ಮುಂದಕ್ಕೆ ಬಾಗಿದರು. ಆ ಹೆಂಗಸು ಯಾರದೋ ಮನೆಯಲ್ಲಿ ಬಟ್ಟೆಗೆ ಗುಂಡಿ ಹೊಲಿಯುವ ಕಡೆ ಬಂದಾಗ “ಅಯ್ಯೋ” ಅಂದರು. ಭಾವ ಅತ್ತರು ಅಂತ ಬರೆಯುವುದಿಲ್ಲ. ಕನ್ನಡಕ ಒರೆಸಿಕೊಂಡರು, ಆ ಕನ್ನಡಕದ ಗಾಜಿನ ಮೇಲೆ ಇನ್ನೂ ಅಂಗಡಿಯ ಸ್ಟಿಕ್ಕರ್ ಇತ್ತು. ಕೊನೆಗೆ ಕಪ್ಪು ಪರದೆಯ ಮೇಲೆ ‘ಸಂಕಲನ’ ಅಂತ ಬಂತು. ಕೆಳಗೆ ಅಕ್ಕನ ಹೆಸರು, ಪೂರ್ತಿ ಹೆಸರು. ನಾನು ಚಪ್ಪಾಳೆ ತಟ್ಟಿದೆ. ಅಕ್ಕ ಆ ಹೆಸರನ್ನೇ ಸ್ವಲ್ಪ ಹೊತ್ತು ನೋಡಿ, ಚಿತ್ರವನ್ನು ಫೈಲಾಗಿ ಹೊರಗೆ ತೆಗೆಯುವ ಗುಂಡಿ ಒತ್ತಿದಳು. ಬಟ್ಟೆ ಒಗೆಯಲು ಹೋಗಲಿಲ್ಲ, ಅಲ್ಲೇ ಕೂತಳು.

ಭಾವನಿಗೆ ಜೀವ ಬಂತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. “ಎಲ್ಲಾ ಸರಿ ಕಣೇ. ಇಂಥಾ ಮಿಷನ್ನು ಮಾಡ್ಕೊಟ್ಟು, ಕಾರ್ಡ್ ಬೇರೆ ಹಾಕ್ಕೊಟ್ಟೋನ ಹೆಸರನ್ನ ಒಂದು ಮೂಲೇಲಾದ್ರೂ ಹಾಕಬಾರದಿತ್ತಾ?” ಅಂತ ನಕ್ಕರು. ನಾನೂ ನಗಲು ಹೊರಟೆ.

“ಇತ್ತು,” ಅಂದಳು ಅಕ್ಕ.

“ಎಲ್ಲಿ?”

“ಹಳೇದರಲ್ಲಿ. ಎಲ್ಲರ ಹೆಸರೂ ಮುಗಿದ್ಮೇಲೆ, ಕಟ್ಟಕಡೇಲಿ. ‘ಈ ಚಿತ್ರ ಜೋಡಿಸಿದ ಯಂತ್ರವನ್ನು ಕೈಯಾರೆ ಮಾಡಿಕೊಟ್ಟವರು’ ಅಂತ ಹಾಕಿ, ಕೆಳಗೆ ನಿಮ್ಮ ಹೆಸರು. ಮೊದಲ ವಾರವೇ ಹಾಕಿದ್ದೆ. ದಿನಾ ಹಿಂದೆ ನಿಂತಿರ್ತೀರಲ್ಲ, ಒಂದಿನಾ ಆದ್ರೂ ಕೊನೇವರೆಗೆ ನೋಡ್ತೀರಿ, ನೋಡಿ ಏನಾದ್ರೂ ಅಂತೀರಿ ಅಂತ ಕಾದೆ.”

ಭಾವ ಪರದೆಯ ಹತ್ತಿರಕ್ಕೆ ಸರಿದರು. ಬಹಳ ಸಣ್ಣ ದನಿಯಲ್ಲಿ, “ಈಗ ಸೇರಿಸಬಹುದಲ್ವಾ? ಸ್ವಲ್ಪ ನಿಲ್ಸಿ…” ಅಂದರು.

ಅಕ್ಕ ಪರದೆಯ ಕಡೆ ತಿರುಗಿದಳು. ಮೊದಲಾಗಿದ್ದರೆ ಒಂದು ಬಕೆಟ್ ಬಟ್ಟೆ ಒಗೆದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು.

“ಮುಗಿದೇ ಹೋಯ್ತು ನೋಡಿ,” ಅಂದಳು. ಕಾರ್ಡು ಭಾವ ಹೇಳಿದ್ದಕ್ಕಿಂತಲೂ ಚುರುಕಾಗಿತ್ತು.